ರಿಪೋರ್ಟ್ ಎಲ್ಲಾ ನಾರ್ಮಲ್ ಇತ್ತು: ನಮ್ ಭಾವನ ಡಿಪ್ರೆಷನ್ ಗೊತ್ತಾಗೋಕೆ ನಾಲ್ಕು ತಿಂಗಳು ಯಾಕೆ ಬೇಕಾಯ್ತು

ನಾನು ಮೈಸೂರಲ್ಲಿ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್. ದಿನಾ ರಕ್ತ ತಗೊಳ್ಳೋದು, ಮೆಷಿನ್ನಿಗೆ ಹಾಕೋದು, ರಿಪೋರ್ಟ್ ಪ್ರಿಂಟ್ ತೆಗೆಯೋದು ನನ್ ಕೆಲ್ಸ. ನಮ್ಮಕ್ಕನ್ನ ಪಾಂಡವಪುರ ತಾಲ್ಲೂಕಿನ ಒಂದ್ ಹಳ್ಳಿಗೆ ಕೊಟ್ಟಿದೆ, ಭಾವ ಅಲ್ಲಿನ ಹಾಲಿನ ಡೈರೀಲಿ ಸೆಕ್ರೆಟರಿ, ವಯಸ್ಸು 47. ಅವ್ರಿಗೆ ಡಿಪ್ರೆಷನ್ ಆಗಿತ್ತು. ಅದು ಡಿಪ್ರೆಷನ್ ಅಂತ ತಿಳ್ಕೊಳ್ಳೋಕೆ ಮನೆಯವ್ರಿಗೆಲ್ಲಾ ನಾಲ್ಕು ತಿಂಗಳು ಹಿಡೀತು, ಅದ್ರಲ್ಲಿ ಒಂದೂವರೆ ತಿಂಗಳು ಹಾಳಾಗಿದ್ದು ನೇರವಾಗಿ ನನ್ನಿಂದ. ಭಾವನ್ನ ಕೇಳೇ ಬರೀತಿದೀನಿ, ಊರು, ಹೆಸ್ರು ಮಾತ್ರ ಬ್ಯಾಡ ಅಂದ್ರು.

ಮೊದ್ಲು ಭಾವ ಹೇಗಿದ್ರು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಏನ್ ಬದಲಾಯ್ತು ಅಂತ ಗೊತ್ತಾಗಲ್ಲ. ಬೆಳಿಗ್ಗೆ ಐದೂವರೆಗೆ ಡೈರಿ ಬಾಗಿಲು ತೆಗೆಯೋರು, ಆರರಿಂದ ಏಳೂವರೆ ತನಕ ಹಾಲು ಹಾಕಿಸ್ಕೊಳ್ಳೋದು, ಸಂಜೆ ಮತ್ತೆ ಅದೇ. ಈಗ ಫ್ಯಾಟು ಎಸ್‌ಎನ್‌ಎಫ್ಫು (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಗಟ್ಟಿ ಅಂಶ) ಎಲ್ಲಾ ಮೆಷಿನ್ನೇ ನೋಡಿ ಚೀಟಿ ಕೊಡುತ್ತೆ, ಆದ್ರೂ ಭಾವ ಒಂದು ಉದ್ದನೆ ಬುಕ್ಕಲ್ಲಿ ಕೈಯಲ್ಲೂ ಬರೆದಿಡ್ತಾರೆ, ಎಡಗಡೆ ಹಾಳೆ ಬೆಳಗಿನ ಹಾಲಿಗೆ, ಬಲಗಡೆ ಹಾಳೆ ಸಂಜೆಗೆ. ಈ ಬುಕ್ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಇನ್ನೊಂದು ನಾಟಕ. ಮಂಡ್ಯ ಕಡೆ ಪೌರಾಣಿಕ ನಾಟಕದ ಹುಚ್ಚು ಹೇಗಿರುತ್ತೆ ಅಂತ ಗೊತ್ತಲ್ಲ, ಭಾವಂದು ಭೀಮನ ಪಾರ್ಟು, ಹದಿನೈದು ವರ್ಷದಿಂದ ಅದೇ ಪಾರ್ಟು, ಒಂದು ಕಂದಪದ್ಯ ಎತ್ತಿದ್ರೆ ಮೈಕ್ ಕೆಟ್ಟಿದ್ರೂ ಹಿಂದಿನ ಸಾಲಿಗೆ ಕೇಳ್ಬೇಕು, ಅಂಥಾ ಗಂಟಲು.

ಗೌರಿ ಹಬ್ಬದ ಆಸುಪಾಸಲ್ಲಿ ಶುರುವಾಯ್ತು. ಶುರುವಾಗಿದ್ದು ಬೇಜಾರಿಂದ ಅಲ್ಲ, ಇದನ್ನ ಒತ್ತಿ ಹೇಳ್ತೀನಿ. ಶುರುವಾಗಿದ್ದು ಮೈಕೈ ನೋವಿಂದ. ಕೈಕಾಲು ಸೋತೋಯ್ತದೆ, ಎದೆ ಮೇಲೆ ಕಲ್ಲು ಇಟ್ಟಂಗೆ ಅದೆ, ಹೊಟ್ಟೆ ಉಬ್ಬರ, ಬಾಯಿಗೆ ರುಚಿ ಇಲ್ಲ. ಒಂದು ದಿನಾನೂ 'ನಂಗೆ ದುಃಖ ಆಗ್ತಿದೆ' ಅಂತ ಬಾಯಿ ಬಿಟ್ಟು ಹೇಳ್ಲಿಲ್ಲ. ಊರಿನ ಕ್ಲಿನಿಕ್ಕಲ್ಲಿ ಗ್ಯಾಸು ಅಂದ್ರು, ಮಾತ್ರೆ ಕೊಟ್ರು, ಒಂದು ಶಕ್ತಿ ಇಂಜೆಕ್ಷನ್ ಹಾಕಿದ್ರು. ಆಮೇಲೆ ಅವ್ರ ಅವ್ವ ದೃಷ್ಟಿ ತೆಗೆದ್ರು, ತಡೆ ಒಡೆಸಿದ್ರು. ಇದನ್ನ ಹೇಳ್ತಾ ನಾನು ಆ ಡಾಕ್ಟ್ರನ್ನಾಗ್ಲಿ ಅತ್ತೆನಾಗ್ಲಿ ದೂರ್ತಿಲ್ಲ. ಮನಸ್ಸಿನ ಕಾಯಿಲೆ ನಮ್ ಕಡೆ ಬಹಳ ಸಲ ಮೈ ಮೂಲಕಾನೇ ಮಾತಾಡೋದು, ತಲೆನೋವು, ಸುಸ್ತು, ಉರಿ, ಜೋಮು ಅಂತಾನೇ ಜನ ಡಾಕ್ಟ್ರ ಹತ್ರ ಬರೋದು, ಅದು ನಾಟಕ ಅಲ್ಲ, ಆ ನೋವು ನಿಜವಾಗ್ಲೂ ಇರುತ್ತೆ.

ದಸರಾ ಹೊತ್ತಿಗೆ ಭಾವ ಮಧ್ಯರಾತ್ರಿ ಮೂರು ಗಂಟೆಗೆ ಎದ್ದು ಜಗಲಿ ಮೇಲೆ ಕೂತ್ಕೊಳ್ಳೋಕೆ ಶುರು ಮಾಡಿದ್ರು. ಮಲಗೋದು ಹತ್ತಕ್ಕೆ, ನಿದ್ದೆನೂ ಬರುತ್ತೆ, ಆದ್ರೆ ಮೂರಕ್ಕೆ ಕಣ್ಣು ಬಿಟ್ರೆ ಮುಗೀತು, ಮತ್ತೆ ಮುಚ್ಚಲ್ಲ. ಅಷ್ಟು ಬೇಗ ಎದ್ದಿರೋ ಮನುಷ್ಯ ಐದೂವರೆಗೆ ಡೈರಿ ಬಾಗಿಲು ತೆಗೆಯೋಕೆ ಮಾತ್ರ ಆಗ್ತಿರ್ಲಿಲ್ಲ. ಜಗಲಿಯಿಂದ ಎದ್ದೇಳೋಕೆ ಆಗಲ್ಲ ಅನ್ನೋರು. ಹೆಲ್ಪರ್ ಹುಡ್ಗ ಬೀಗದ ಕೈ ಇಸ್ಕೊಂಡೋಗಿ ತೆಗೀತಿದ್ದ. ಆದ್ರೆ ಸಂಜೆ? ಸಂಜೆ ಹೊತ್ತಿಗೆ ಒಸಿ ಗೆಲುವಾಗೋರು, ಡೈರಿಗೆ ಹೋಗೋರು, ನಾಲ್ಕು ಜನರ ಹತ್ರ ಮಾತಾಡೋರು. ಇದನ್ನ ನೋಡಿ ಊರಲ್ಲಿ ಮಾತು ಹುಟ್ಕೊಳ್ತು, 'ಸಂಜೆ ಚೆಂದಾಗೇ ಇರ್ತಾನಲ್ಲ, ಬೆಳಗಾದ್ರೆ ಮಾತ್ರ ಕಾಯ್ಲೆನಾ, ಮೈಗಳ್ಳ ಆಗೋದ ಬುಡು' ಅಂತ. ನಮ್ಮಕ್ಕಂಗೂ ಒಳಗೊಳಗೆ ಹಂಗೇ ಅನ್ಸಿತ್ತಂತೆ, ಈಗ ಅದನ್ನ ನೆನೆಸ್ಕೊಂಡು ಅಳ್ತಾಳೆ.

ನಾವೆಲ್ಲಾ ಮಾಡಿದ ದೊಡ್ಡ ತಪ್ಪು ಅಂದ್ರೆ ಕಾರಣ ಹುಡುಕಿದ್ದು. ಸಾಲ ಇದೆಯಾ? ಇಲ್ಲ, ಆ ವರ್ಷ ಕಬ್ಬಿನ ದುಡ್ಡೂ ಬಂದಿತ್ತು. ಮನೇಲಿ ಸಾವು ನೋವು? ಇಲ್ಲ. ಮಗಳು ಮೈಸೂರಲ್ಲಿ ಡಿಗ್ರಿ ಓದ್ತಿದಾಳೆ, ಚೆನ್ನಾಗೇ ಓದ್ತಾಳೆ. ಕುಡಿತ ಇಲ್ಲ. ಸರಿ ಹಂಗಾದ್ರೆ ಏನೂ ಇಲ್ಲ, ಕಾರಣ ಇಲ್ದೆ ಯಾರಾದ್ರೂ ಮಂಕು ಬಡಿದಂಗೆ ಕೂತ್ಕೋತಾರಾ ಅಂತ. ಕೂತ್ಕೋತಾರೆ. ಶುಗರ್ ಬಂದವ್ರನ್ನ ಯಾವ್ ಬೇಜಾರಿಗೆ ಶುಗರ್ ಬಂತು ಅಂತ ಯಾರೂ ಕೇಳಲ್ಲ, ಇದನ್ನ ಮಾತ್ರ ಕೇಳ್ತೀವಿ. ಕೆಲವ್ರಿಗೆ ದೊಡ್ಡ ಪೆಟ್ಟು ಬಿದ್ಮೇಲೆ ಡಿಪ್ರೆಷನ್ ಬರುತ್ತೆ, ಕೆಲವ್ರಿಗೆ ವಂಶದಲ್ಲೇ ಅದ್ರ ಎಳೆ ಇರುತ್ತೆ, ಕೆಲವ್ರಿಗೆ ಏನೂ ಇಲ್ದೆ ಎಲ್ಲಾ ಚೆನ್ನಾಗಿರೋವಾಗ್ಲೇ ಬಂದು ಕೂತ್ಕೊಳ್ಳುತ್ತೆ.

ಇನ್ನು ನನ್ ವಿಷ್ಯ. ಕಾರ್ತಿಕ ಮಾಸ ಮುಗಿಯೋ ಹೊತ್ತಿಗೆ ಅಕ್ಕ ಭಾವನ್ನ ಕರ್ಕೊಂಡು ಮೈಸೂರಿಗೆ ಬಂದ್ಲು. ನಾನೇ ರಕ್ತ ತೆಗೆದೆ. ಹಿಮೋಗ್ಲೋಬಿನ್ನು, ಶುಗರ್ರು, ಥೈರಾಯ್ಡು, ಬಿ12, ಲಿವರ್, ಕಿಡ್ನಿ, ಇಸಿಜಿನೂ ಮಾಡಿಸ್ದೆ. ಈ ಟೆಸ್ಟೆಲ್ಲ ಬೇಕಾದವೇ, ಯಾಕಂದ್ರೆ ಥೈರಾಯ್ಡ್ ಕಮ್ಮಿ ಇದ್ರೆ, ರಕ್ತ ಕಮ್ಮಿ ಇದ್ರೆ, ಬಿ12 ಕಮ್ಮಿ ಇದ್ರೂ ಮನುಷ್ಯ ಹೀಗೇ ಮಂಕಾಗ್ತಾನೆ, ಅದನ್ನ ಮೊದ್ಲು ನೋಡ್ಲೇಬೇಕು. ಎಲ್ಲಾ ನಾರ್ಮಲ್ ಬಂತು. ನಂಗೆ ಖುಷಿಯೋ ಖುಷಿ. ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ನಗ್ತಾ ಹೇಳ್ದೆ, 'ಭಾವ, ನಿಮ್ಗೆ ಏನೂ ಇಲ್ಲ, ಎಲ್ಲಾ ನಾರ್ಮಲ್, ಸುಮ್ನೆ ತಲೆ ಕೆಡಿಸ್ಕೊಬೇಡಿ, ಆರಾಮಾಗಿರಿ'. ಭಾವ ತಲೆ ಆಡ್ಸಿದ್ರು. ಅಷ್ಟೇ. ಆಮೇಲೆ ಎಷ್ಟೋ ತಿಂಗಳಾದ್ಮೇಲೆ ಹೇಳಿದ್ರು, ಅವತ್ತು ಬಸ್ಸಲ್ಲಿ ವಾಪಸ್ ಹೋಗ್ತಾ ಅನ್ಕೊಂಡ್ರಂತೆ, ಕಾಯ್ಲೆ ಇಲ್ಲ ಅಂದ್ಮೇಲೆ ನಾನೇ ಕೆಟ್ಟೋನು, ನಾನೇ ಸೋಂಬೇರಿ, ಅಂತ. ರಿಪೋರ್ಟ್ ಹೇಳಿದ್ದು ಇಷ್ಟೇ, ಥೈರಾಯ್ಡಿಂದ ಅಲ್ಲ, ರಕ್ತ ಕಮ್ಮಿಯಾಗಿ ಅಲ್ಲ. 'ಏನೂ ಇಲ್ಲ' ಅಂತ ರಿಪೋರ್ಟ್ ಹೇಳಿರ್ಲಿಲ್ಲ, ಅದನ್ನ ಹೇಳಿದ್ದು ನಾನು. ಡಿಪ್ರೆಷನ್ ತೋರ್ಸೋ ರಕ್ತ ಪರೀಕ್ಷೆ ಅಂತ ನಮ್ ಲ್ಯಾಬಲ್ಲಿ ಯಾವ್ದೂ ಇಲ್ಲ, ಅದು ನಂಗೆ ಗೊತ್ತಿದ್ದೂ ಆ ಮಾತು ಆಡ್ದೆ.

ಡಿಸೆಂಬರ್ ತಿಂಗಳು ಎಲ್ಲಕ್ಕಿಂತ ಕೆಟ್ಟದು. ಮನೇಲಿ ಈಗ 'ಏನೂ ಇಲ್ಲ' ಅನ್ನೋದಕ್ಕೆ ಲ್ಯಾಬ್ ಸೀಲೇ ಬಿದ್ದಿತ್ತಲ್ಲ, ಬುದ್ಧಿಮಾತು ಶುರುವಾಯ್ತು, ವಾಕಿಂಗ್ ಹೋಗು, ಧೈರ್ಯ ತಂದ್ಕೊ, ಧರ್ಮಸ್ಥಳಕ್ಕೆ ಹೋಗ್ಬಾ, ನಿನಗಿಂತ ಕಷ್ಟದಲ್ಲಿರೋರನ್ನ ನೋಡು. ಭಾವ ಎಲ್ಲಾದಕ್ಕೂ ಹೂಂ ಅನ್ನೋರು, ಎದುರು ಮಾತಾಡಿದ್ದು ಒಂದೋ ಎರಡೋ ಸಲ, ಆಗ ಮಾತ್ರ ಸಿಡುಕಿ ತಟ್ಟೆ ತಳ್ಳಿ ಎದ್ದೋಗಿದಾರೆ, ಅದು ಅವ್ರ ಸ್ವಭಾವಾನೇ ಅಲ್ಲ. ನಾಟಕದ ಪ್ರಾಕ್ಟೀಸ್ ಶುರುವಾಗಿತ್ತು, ಎರಡು ದಿನ ಹೋಗಿ ಪಾರ್ಟ್ ವಾಪಸ್ ಕೊಟ್ಬಂದ್ರು. ಹಾರ್ಮೋನಿಯಂ ಮೇಷ್ಟ್ರು ಅಕ್ಕನ ಹತ್ರ ಬಂದು ಒಂದು ಮಾತು ಹೇಳಿದ್ರಂತೆ, 'ಗಂಟ್ಲು ಕೆಟ್ಟಿಲ್ಲ ಕಣವ್ವ, ಶ್ರುತಿ ಹಿಡೀತನೆ, ಆದ್ರೆ ನಾ ಬಿಟ್ಟು ಎಷ್ಟೋ ಹೊತ್ತಾದ್ಮೇಲೆ ಎತ್ತುಕೋತನೆ, ಮಾತೂ ಅಂಗೇ, ಕೇಳಿ ಒಸಿ ಹೊತ್ತಾದ್ಮೇಲೆ ಉತ್ರ ಬತ್ತದೆ'. ಮಾತು, ನಡಿಗೆ, ಯೋಚ್ನೆ ಎಲ್ಲಾ ನಿಧಾನ ಆಗೋದು ಡಿಪ್ರೆಷನ್ನಿನ ಒಂದು ಮುಖ್ಯ ಲಕ್ಷಣ. ನಮ್ಮಲ್ಲಿ ಅದನ್ನ ಮೊದ್ಲು ಹಿಡಿದಿದ್ದು ಆ ಮೇಷ್ಟ್ರು, ನಾನಲ್ಲ.

ಜನವರಿ ಮೊದಲ್ನೇ ವಾರ ನಮ್ ಲ್ಯಾಬಿಗೆ ಬರೋ ಒಬ್ರು ಫಿಸಿಷಿಯನ್ ಹತ್ರ ಮಾತಾಡ್ತಾ ಈ ವಿಷ್ಯ ಬಂತು. ಅವ್ರು ಎರಡೇ ಪ್ರಶ್ನೆ ಕೇಳಿದ್ರು. ಎರಡು ವಾರದಿಂದ ಮನಸ್ಸು ಕುಗ್ಗಿದ ಹಾಗೆ, ಮುಂದೆ ದಾರಿನೇ ಇಲ್ಲ ಅನ್ನೋ ಹಾಗೆ ಇದಾರಾ? ಮೊದ್ಲು ಇಷ್ಟಪಟ್ಟು ಮಾಡ್ತಿದ್ದ ಕೆಲ್ಸದಲ್ಲಿ ಈಗ ಆಸಕ್ತಿ ಇಲ್ವಾ? ಎರಡ್ನೇ ಪ್ರಶ್ನೆಗೆ ನಂಗೆ ಭೀಮನ ಪಾರ್ಟ್ ನೆನಪಾಯ್ತು. ಆಮೇಲೆ ಅವ್ರೇ ಕೇಳಿದ್ರು, ಬೆಳಗಿನ ಜಾವ ಎಚ್ಚರ ಆಗುತ್ತಾ, ಬೆಳಿಗ್ಗೆ ಜಾಸ್ತಿ ಇದ್ದು ಸಂಜೆ ಹೊತ್ತಿಗೆ ಸ್ವಲ್ಪ ಹಗುರ ಆಗುತ್ತಾ ಅಂತ. ನಂಗೆ ಮೈ ಜುಂ ಅಂತು. ಊರೆಲ್ಲಾ ಯಾವುದನ್ನ ನಾಟಕ ಅಂದಿತ್ತೋ ಅದೇ ಈ ಕಾಯಿಲೆ ಗುರುತು. ತೀವ್ರವಾಗಿರೋ ಡಿಪ್ರೆಷನ್ ಕೆಲವ್ರಲ್ಲಿ ಹೀಗೇ ಇರುತ್ತೆ, ಬೆಳಿಗ್ಗೆ ಹೊತ್ತು ನರಕ, ಹೊತ್ತು ಇಳೀತಾ ಇಳೀತಾ ಸ್ವಲ್ಪ ಸಡಿಲ.

ಅವ್ರು ಹೇಳಿಕೊಟ್ಟಿದ್ದನ್ನ ಇಲ್ಲಿ ಬರೀತೀನಿ, ಬೇಕಾದವ್ರಿಗೆ ಆಗ್ಲಿ. ಡಾಕ್ಟ್ರು ನೋಡೋ ಲಕ್ಷಣ ಒಂಬತ್ತು. ಮನಸ್ಸು ಕುಗ್ಗಿರೋದು, ಯಾವುದರಲ್ಲೂ ಆಸಕ್ತಿ ಸಂತೋಷ ಇಲ್ದಿರೋದು, ಊಟ ಅಥ್ವಾ ತೂಕ ಕಮ್ಮಿ ಆಗೋದು ಇಲ್ಲಾ ಜಾಸ್ತಿ ಆಗೋದು, ನಿದ್ದೆ ಕೆಡೋದು ಅಥ್ವಾ ಅತಿಯಾಗೋದು, ಮೈ ನಿಧಾನ ಆಗೋದು ಇಲ್ಲಾ ಚಡಪಡಿಕೆ, ಸುಸ್ತು, ನಾನು ಕೆಲಸಕ್ಕೆ ಬಾರದವನು ತಪ್ಪು ಮಾಡಿದೀನಿ ಅನ್ನೋ ಭಾವನೆ, ಗಮನ ನಿಲ್ಲದೇ ಇರೋದು, ಸಾವಿನ ಯೋಚ್ನೆ. ಇದ್ರಲ್ಲಿ ಐದಾದ್ರೂ ಎರಡು ವಾರ ಬಿಡದೆ ಹೆಚ್ಚುಕಮ್ಮಿ ದಿನಾ ಇರ್ಬೇಕು, ಆ ಐದರಲ್ಲಿ ಮೊದಲಿನ ಎರಡರಲ್ಲಿ ಒಂದು ಇರ್ಲೇಬೇಕು, ದಿನದ ಕೆಲ್ಸಕ್ಕೆ ಅಡ್ಡಿ ಆಗಿರ್ಬೇಕು. ಮೊದಲ ಎರಡರಲ್ಲಿ ಒಂದು ಸಾಕು ಅನ್ನೋದನ್ನ ಗಮನಿಸಿ. ಅಂದ್ರೆ ಅಳದೆ, ಬೇಜಾರು ಅಂತ ಬಾಯಲ್ಲಿ ಹೇಳದೆ ಇದ್ರೂ ಇದು ಡಿಪ್ರೆಷನ್ ಆಗಿರ್ಬೋದು. ಗಂಡಸರಲ್ಲಿ ಇದು ಎಷ್ಟೋ ಸಲ ತಪ್ಪಿಹೋಗೋದು ಇಲ್ಲೇ. ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ, ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಅಥ್ವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟ್ರನ್ನ ನೋಡ್ಲೇಬೇಕು. ಜ್ವರಕ್ಕೆ ಥರ್ಮಾಮೀಟರ್ ಇದ್ದಂಗೆ ಅದು, ಜ್ವರ ಎಷ್ಟಿದೆ ಅನ್ನುತ್ತೆ, ಯಾವ ಜ್ವರ ಅಂತ ಹೇಳಲ್ಲ.

ಆ ಪ್ರಶ್ನೆ ಹಿಡ್ಕೊಂಡು ಸಂಕ್ರಾಂತಿಗೆ ಊರಿಗೆ ಹೋದೆ. ಸಂಜೆ ಎಲ್ಲಾ ಕಿಚ್ಚು ಹಾಯ್ಸೋಕೆ ಹೋಗಿದ್ರು. ಪ್ರತಿ ವರ್ಷ ಭಾವಾನೇ ಎತ್ತು ಹಿಡ್ಕೊಂಡು ಓಡೋರು, ಈ ಸಲ ನಡುಮನೇಲಿ ಗೋಡೆಗೆ ಒರಗಿ ಕೂತಿದ್ರು. ಅಕ್ಕ ಅಡಿಗೆ ಮನೇಲಿ ಪಿಸುಮಾತಲ್ಲಿ ಎರಡು ವಿಷ್ಯ ಹೇಳಿದ್ಲು. ಒಂದು, ಡೈರೀಲಿ ಒಬ್ಬ ಅಜ್ಜಿ ಲೆಕ್ಕದಲ್ಲಿ ಫೀಡಿನ ಬಾಬ್ತು 136 ರೂಪಾಯಿ ಜಾಸ್ತಿ ಕಡಿದಿದ್ರಂತೆ, ಮಾರನೇ ದಿನಾನೇ ಗೊತ್ತಾಗಿ ಕೈಯಿಂದ ಕೊಟ್ರು, ಅಜ್ಜಿ ನಕ್ಕು ಅದ್ಕೇನಪ್ಪ ಅಂದ್ಲು, ಆದ್ರೂ ಭಾವ ತಿಂಗಳಿಂದ ಅದನ್ನೇ ಹಿಡ್ಕೊಂಡು 'ನಾನು ಕಳ್ಳ ಆಗೋದೆ, ಬಡವರ ದುಡ್ಡು ತಿಂದ್ಬುಟ್ಟೆ' ಅಂತ ರಾತ್ರಿ ಕೂತು ಹೇಳ್ತಾರಂತೆ. ಎರಡು, ಹಿಂದಿನ ವಾರ ಎಲ್‌ಐಸಿ ಬಾಂಡು, ಪಾಸ್‌ಬುಕ್ಕು, ಜಮೀನಿನ ಪತ್ರ ಎಲ್ಲಾ ಒಂದು ಚೀಲಕ್ಕೆ ಹಾಕಿ ಎಲ್ಲೆಲ್ಲಿ ಏನಿದೆ ಅಂತ ಅಕ್ಕಂಗೆ ವಿವರಿಸಿದ್ರಂತೆ. ಅಕ್ಕ ಅದನ್ನ ಒಳ್ಳೇದೇ ಅನ್ಕೊಂಡಿದ್ಲು, ಮನೆ ಕಡೆ ಗಮನ ಬಂತು ಅಂತ.

ಆಗ ಅಕ್ಕಂಗೆ ಹಾಲಿನ ಡೈರಿಯಿಂದ ಆ ಲೆಕ್ಕದ ಬುಕ್ ತರಿಸು ಅಂದೆ. ಆರು ತಿಂಗಳ ಹಾಳೆ ತಿರುವಿ ನೋಡಿದ್ವಿ. ಆಗಸ್ಟ್ ತನಕ ಎರಡೂ ಕಡೆ ಮುತ್ತು ಪೋಣಿಸಿದಂಗೆ ಅಕ್ಷರ. ಅಕ್ಟೋಬರಿಂದ ಎಡಗಡೆ ಹಾಳೆ, ಬೆಳಗಿಂದು, ಹೊಡೆದು ಹಾಕಿ ಬರ್ದಿದ್ದು, ಕೂಡಿದ್ದನ್ನೇ ಮೂರ್ ಸಲ ಕೂಡಿದ್ದು, ಡಿಸೆಂಬರಲ್ಲಿ ಎಷ್ಟೋ ದಿನ ಹೆಲ್ಪರ್ ಹುಡ್ಗನ ಕೈಬರಹ. ಬಲಗಡೆ ಸಂಜೆ ಹಾಳೆ ಮಾತ್ರ ತಕ್ಕಮಟ್ಟಿಗೆ ಚೆನ್ನಾಗೇ ಇತ್ತು. ನಾನು ಸೂಜಿ ಚುಚ್ಚಿ ತೆಗೆದ ಯಾವ ರಿಪೋರ್ಟಲ್ಲೂ ಇಲ್ದಿದ್ದು ಆ ಬುಕ್ಕಲ್ಲಿ ದಿನಾಂಕ ಸಮೇತ ಇತ್ತು.

ಆಮೇಲೆ ಭಾವನ ಹತ್ರ ಹೋಗಿ ಕೂತೆ. ಒಂಬತ್ತನೇ ಪ್ರಶ್ನೆ ಕೇಳೋಕೆ ನಂಗೆ ಬಾಯೇ ಬರ್ತಿರ್ಲಿಲ್ಲ, ಕೇಳಿದ್ರೆ ಇಲ್ದಿರೋ ಯೋಚ್ನೆ ನಾನೇ ತಲೆಗೆ ಹಾಕಿದಂಗೆ ಆಗುತ್ತೇನೋ ಅಂತ ಭಯ. ಆದ್ರೆ ಆ ಡಾಕ್ಟ್ರು ಖಡಾಖಂಡಿತ ಹೇಳಿದ್ರು, ಕೇಳೋದ್ರಿಂದ ಆ ಯೋಚ್ನೆ ಹುಟ್ಟಲ್ಲ, ಸುತ್ತಿ ಬಳಸಿ ಕೇಳ್ಬೇಡಿ, ನೇರವಾಗಿ ಕೇಳಿ ಅಂತ. ಕೇಳ್ದೆ. 'ಭಾವ, ಬದುಕೋದೇ ಬ್ಯಾಡ, ಸತ್ತೋಗ್ಬೇಕು ಅಂತ ಅನ್ಸುತ್ತಾ ನಿಮ್ಗೆ?' ಎಷ್ಟೋ ಹೊತ್ತು ಸುಮ್ನಿದ್ರು. ಹೊರಗೆ ಕಿಚ್ಚಿನ ಗಲಾಟೆ. ಆಮೇಲೆ, 'ಯಾರೂ ಕೇಳ್ನಿಲ್ಲ ಕಣವ್ವ' ಅಂದ್ರು, ಅಂದು ಮಗು ಥರ ಅತ್ರು. ಅನ್ಸುತ್ತೆ, ದಿನಾ ಬೆಳಿಗ್ಗೆ ಅನ್ಸುತ್ತೆ, ನಾನಿಲ್ದಿದ್ರೆ ಇವ್ರಿಗೆ ಹಗುರ ಅಂತ ಅನ್ಸುತ್ತೆ, ಮಗಳ ಮುಖ ನೋಡಿ ತಡ್ಕೊಂಡಿದೀನಿ ಅಂದ್ರು. ನಾನು ಬುದ್ಧಿ ಹೇಳ್ಲಿಲ್ಲ. ಇದು ಕಾಯ್ಲೆ ಭಾವ, ಇದಕ್ಕೆ ಔಷಧಿ ಅದೆ, ಅವತ್ತು ಏನೂ ಇಲ್ಲ ಅಂದಿದ್ದು ನನ್ ತಪ್ಪು, ಅಂದೆ.

ಅವತ್ತು ರಾತ್ರಿ 14416ಕ್ಕೆ ಫೋನ್ ಮಾಡಿದ್ವಿ. ಟೆಲಿ ಮನಸ್ ಅಂತ, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ದುಡ್ಡಿಲ್ಲ, ದಿನಪೂರ್ತಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅವ್ರು ಹೇಳಿದ್ದು ಮೂರೇ ವಿಷ್ಯ, ಒಬ್ಬರನ್ನೇ ಬಿಡ್ಬೇಡಿ, ಗದ್ದೆಗೆ ಹೊಡೆಯೋ ಔಷಧಿ ಮನೇಲಿದ್ರೆ ಇವತ್ತೇ ಬೇರೆ ಕಡೆ ಸಾಗಿಸಿ, ತಡ ಮಾಡ್ದೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ. ಚಿಕ್ಕಪ್ಪನ ಮಗ ರಾತ್ರಿನೇ ಎಲ್ಲಾ ತಗೊಂಡೋಗಿ ಅವ್ರ ಮನೇಲಿ ಬೀಗ ಹಾಕಿಟ್ಟ, ಒಂದು ಪ್ರಶ್ನೆ ಕೇಳ್ಲಿಲ್ಲ, ಅವನ ಋಣ ದೊಡ್ಡದು.

ಮಂಡ್ಯದಲ್ಲಿ ಬ್ಯಾಡ, ಪರಿಚಯದವ್ರು ನೋಡ್ತಾರೆ ಅಂದ್ರು ಭಾವ, ಅದಕ್ಕೆ ಮೈಸೂರಿಗೇ ಕರ್ಕೊಂಡು ಬಂದೆ. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಲೂ ಮನೋವೈದ್ಯರ ವಿಭಾಗ ಇದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಸೈಕಿಯಾಟ್ರಿಸ್ಟ್ ಬರೋ ಮನೋಚೈತನ್ಯ ಅನ್ನೋ ಕಾರ್ಯಕ್ರಮನೂ ರಾಜ್ಯ ಸರ್ಕಾರ ಮಾಡಿದೆ, ಯಾವ್ ಮಂಗಳವಾರ ಅಂತ ಅಲ್ಲೇ ಕೇಳಿ ಹೋಗ್ಬೇಕು. ಮೈಸೂರಲ್ಲಿ ನಾವು ತೋರಿಸಿದ ಸೈಕಿಯಾಟ್ರಿಸ್ಟ್ ಮುಕ್ಕಾಲು ಗಂಟೆ ಮಾತಾಡಿದ್ರು. ವಂಶದಲ್ಲಿ ಯಾರಿಗಾದ್ರೂ ಇತ್ತಾ ಅಂತ ಕೇಳಿದಾಗ ಅಕ್ಕನ ಅತ್ತೆ ಆ ವಿಷ್ಯ ಹೊರಗೆ ತಂದ್ರು, ಅವ್ರಿಗೇ ಎರಡನೇ ಹೆರಿಗೆ ಆದ್ಮೇಲೆ ವರ್ಷಗಟ್ಲೆ ಹೀಗೇ ಆಗಿತ್ತಂತೆ, ಬಾಣಂತಿ ಸನ್ನಿ ಅಂತ ಅಂದು ಸುಮ್ನಾಗಿದ್ರಂತೆ. ಇನ್ನೊಂದು ಪ್ರಶ್ನೆ ನಂಗೆ ಆಗ ಅರ್ಥ ಆಗ್ಲಿಲ್ಲ, ಹಿಂದೆ ಯಾವಾಗ್ಲಾದ್ರೂ ನಿದ್ದೆನೇ ಇಲ್ದೆ ಅತೀ ಹುರುಪು, ಅತೀ ಮಾತು, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡಿದ್ದು ಇದೆಯಾ ಅಂತ. ಅದಿದ್ರೆ ಕಾಯಿಲೆ ಬೈಪೋಲಾರ್, ಅವ್ರಿಗೆ ಬರೀ ಡಿಪ್ರೆಷನ್ ಮಾತ್ರೆ ಕೊಟ್ರೆ ಆ ಕಡೆ ಉನ್ಮಾದಕ್ಕೆ ತಿರುಗ್ಬೋದು. ಮೆಡಿಕಲ್ ಸ್ಟೋರಲ್ಲಿ ಇನ್ನೊಬ್ರ ಚೀಟಿ ತೋರ್ಸಿ ಈ ಮಾತ್ರೆ ತಗೋಬಾರ್ದು ಅನ್ನೋದು ಇದಕ್ಕೇ.

ಪಿಎಚ್‌ಕ್ಯೂ ಅಂಕ 19 ಬಂತು. ತೂಕ 74 ಇದ್ದಿದ್ದು 67. ಎಸಿಟಲೋಪ್ರಾಮ್ ಅನ್ನೋ ಡಿಪ್ರೆಷನ್ ಮಾತ್ರೆ ಶುರು ಮಾಡಿದ್ರು, ಮೊದ್ಲು 5 ಮಿಲಿಗ್ರಾಂ, ವಾರದ ಮೇಲೆ 10, ನಿದ್ದೆಗೆ ಸ್ವಲ್ಪ ದಿನಕ್ಕೆ ಅಂತ ಇನ್ನೊಂದು. ಮಾತ್ರೆ ಕೆಲ್ಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣೋಕೆ ಆರೆಂಟು ವಾರ, ಮೊದಲನೇ ವಾರ ವಾಕರಿಕೆ, ಹೊಟ್ಟೆ ತೊಳೆಸೋದು, ಚಡಪಡಿಕೆ ಆಗ್ಬೋದು, ಬಿಡ್ಬೇಡಿ ಅಂದ್ರು. ಒಂದು ಎಚ್ಚರಿಕೆ ಅಕ್ಕನ್ನ ಪಕ್ಕಕ್ಕೆ ಕರೆದು ಹೇಳಿದ್ರು, ಮೊದ್ಲು ಮೈಗೆ ಶಕ್ತಿ ಬರುತ್ತೆ, ಮನಸ್ಸು ತಿಳಿಯಾಗೋದು ಆಮೇಲೆ, ಆ ನಡುವಿನ ದಿನಗಳಲ್ಲಿ ಜಾಸ್ತಿ ಕಣ್ಣಿಟ್ಟಿರಿ ಅಂತ.

ಹಂಗೇ ಆಯ್ತು. ಮೊದಲನೇ ವಾರ ವಾಂತಿ ಬಂದಂಗೆ ಆಗ್ತದೆ ಅಂತ ದಿನಾ ಫೋನು. ಮೂರನೇ ವಾರ ಅಕ್ಕ ಹೇಳಿದ್ಲು, ಐದರ ತನಕ ಮಲಗ್ತಾರೆ ಕಣೆ, ಮುದ್ದೆ ಎರಡನೇದು ಹಾಕಿಸ್ಕೊಂಡ್ರು ಅಂತ. ಭಾವನ್ನ ಕೇಳಿದ್ರೆ ಏನೂ ವ್ಯತ್ಯಾಸ ಇಲ್ಲ ಅಂತಿದ್ರು. ರೋಗಿಗಿಂತ ಮುಂಚೆ ಮನೆಯವ್ರಿಗೆ ಕಾಣುತ್ತೆ ಇದು. ಜೊತೆಗೆ ಸೈಕಾಲಜಿಸ್ಟ್ ಒಬ್ರು ಹದಿನೈದು ದಿನಕ್ಕೊಂದ್ಸಲ ಮಾತಾಡೋರು, ಅವ್ರು ಬೆಳಿಗ್ಗೆ ಡೈರಿ ಸದ್ಯಕ್ಕೆ ಬಿಡಿ, ಸಂಜೆದು ಮಾತ್ರ ಮಾಡಿ ಅಂದ್ರು, ಆಮೇಲೆ ಪ್ರಾಕ್ಟೀಸಿಗೆ ಹೋಗಿ ಬರೀ ಕೂತ್ಕೊಂಡು ಬನ್ನಿ, ಹಾಡ್ಬೇಡಿ ಅಂದ್ರು. ಮನಸ್ಸು ಬಂದ್ಮೇಲೆ ಕೆಲ್ಸ ಮಾಡ್ತೀನಿ ಅಂತ ಕಾಯ್ತಾ ಕೂತ್ರೆ ಮನಸ್ಸು ಬರಲ್ಲ, ಚಿಕ್ಕ ಚಿಕ್ಕದು ಮಾಡ್ತಾ ಹೋದ್ರೆ ಅದು ಹಿಂದೆ ಬರುತ್ತೆ ಅನ್ನೋದು ಅವ್ರ ಲೆಕ್ಕ. ಆರನೇ ವಾರಕ್ಕೆ ಅಂಕ 9.

ಯುಗಾದಿ ಆದ್ಮೇಲೆ ಯಾರೋ ಆ ಮಾತ್ರೆ ಅಭ್ಯಾಸ ಆಗೋಯ್ತದೆ ಅಂದ್ರು ಅಂತ ಭಾವ ಹೇಳ್ದೆ ಕೇಳ್ದೆ ನಿಲ್ಸಿಬಿಟ್ರು. ಮೂರೇ ದಿನಕ್ಕೆ ತಲೆ ಸುತ್ತು, ತಲೆ ಒಳಗೆ ಕರೆಂಟ್ ಹೊಡೆದಂಗೆ ಚುಳುಕು, ಸಿಡುಕು. ನೋಡಿ ಅಭ್ಯಾಸ ಆಗೋಗಿದೆ ಅಂತ ಎಲ್ಲಾ ಹೆದರಿದ್ರು. ಡಾಕ್ಟ್ರು ಬಿಡಿಸಿ ಹೇಳಿದ್ರು, ಇದು ಹೆಂಡದ ಥರ ಚಟ ಅಲ್ಲ, ಇನ್ನೂ ಬೇಕು ಇನ್ನೂ ಬೇಕು ಅಂತ ಡೋಸ್ ಏರಿಸ್ಬೇಕು ಅನ್ಸೋದಿಲ್ಲ, ಆದ್ರೆ ಏಕ್ದಂ ನಿಲ್ಲಿಸ್ಬಾರ್ದು, ಇಳಿಸ್ತಾ ಇಳಿಸ್ತಾ ನಿಲ್ಲಿಸ್ಬೇಕು, ಅದೂ ಪೂರ್ತಿ ಗುಣ ಆದ್ಮೇಲೆ ಕಮ್ಮಿ ಅಂದ್ರೂ ಆರರಿಂದ ಒಂಬತ್ತು ತಿಂಗಳು ತಗೊಂಡು ಆಮೇಲೆ, ಇಲ್ಲಾಂದ್ರೆ ತಿರುಗಿ ಬರೋ ಸಾಧ್ಯತೆ ಜಾಸ್ತಿ. ಮತ್ತೆ ಶುರು ಮಾಡಿದ್ರು, ಈಗ್ಲೂ ತಗೋತಿದಾರೆ.

ನಿಮ್ಹಾನ್ಸ್‌ನೋರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೊಡ್ಡವ್ರಲ್ಲಿ 20 ಜನಕ್ಕೆ ಒಬ್ರಿಗೆ ಜೀವನದಲ್ಲಿ ಒಂದಲ್ಲ ಒಂದು ಸಲ ಡಿಪ್ರೆಷನ್ ಆಗಿರುತ್ತೆ, ಅವ್ರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆನೇ ಸಿಗಲ್ಲ. ಭಾವನ ಡೈರೀಲಿ ಹಾಲು ಹಾಕೋರು 180 ಜನ. ನಾನು ಈ ಲೆಕ್ಕ ಹೇಳ್ದಾಗ ಭಾವ ಸ್ವಲ್ಪ ಹೊತ್ತು ಸುಮ್ನಿದ್ದು, ಅಂಗಾದ್ರೆ ನನ್ ಕ್ಯೂನಲ್ಲೇ ಒಂಬತ್ತು ಜನ ಅಂದ್ರು. ಆ ವಾರದಲ್ಲೇ ಒಬ್ರನ್ನ, ಹೆಂಡ್ತಿ ಸತ್ತು ಒಂದು ವರ್ಷ ಆದ್ರೂ ಮನೆಯಿಂದ ಹೊರಗೇ ಬರ್ದೆ ಮೊಮ್ಮಗನ ಕೈಲಿ ಹಾಲು ಕಳಿಸೋ ಒಬ್ಬ ಯಜಮಾನ್ರನ್ನ, ಭಾವಾನೇ ಅವ್ರ ಮನೆಗೆ ಹೋಗಿ ಕೂತು ಮಾತಾಡ್ಸಿ ಆಸ್ಪತ್ರೆಗೆ ಕರ್ಕೊಂಡೋಗಿದ್ರಂತೆ.

ಈಗ ಒಂಬತ್ತು ತಿಂಗಳಾಯ್ತು. ಹೋದ ಸಲದ ಅಂಕ 4. ಬೆಳಿಗ್ಗೆ ಡೈರಿ ಬಾಗಿಲು ಮತ್ತೆ ಅವ್ರೇ ತೆಗೀತಿದಾರೆ, ತಿಂಗಳಲ್ಲಿ ಒಂದೆರಡು ದಿನ ಈಗ್ಲೂ ಮೂರಕ್ಕೆ ಎಚ್ಚರ ಆಗುತ್ತೆ, ಆಗ ಅಕ್ಕನ್ನ ಎಬ್ಬಿಸಿ ಹೇಳ್ಬೇಕು ಅಂತ ಮಾತಾಗಿದೆ, ಎಬ್ಬಿಸ್ತಾರೆ. ಭೀಮನ ಪಾರ್ಟ್ ಈ ವರ್ಷ ಇನ್ನೂ ಒಪ್ಕೊಂಡಿಲ್ಲ, ಮೇಷ್ಟ್ರು ಬೇರೆಯವ್ರಿಗೂ ಕೊಟ್ಟಿಲ್ಲ.

ಇದನ್ನ ಬರ್ದು ಮೊನ್ನೆ ಭಾನುವಾರ ಫೋನಲ್ಲಿ ಭಾವಂಗೆ ಓದಿ ಹೇಳ್ದೆ. ಪೂರ್ತಿ ಕೇಳಿದ್ರು, ಎಲ್ಲೂ ತಡೀಲಿಲ್ಲ. ಅಜ್ಜಿ ಲೆಕ್ಕ ನಾನು 150 ರೂಪಾಯಿ ಅಂತ ಬರ್ದಿದ್ದೆ. ಇರು ಒಂದ್ನಿಮಿಷ ಅಂದು ಫೋನ್ ಇಟ್ಟು ಹೋದ್ರು, ಹಾಳೆ ತಿರುವೋ ಸದ್ದು ಕೇಳಿಸ್ತು. ವಾಪಸ್ ಬಂದು, '136 ಕಣವ್ವ ಅದು, ನವೆಂಬರ್ ಬುಕ್ಕಲ್ಲೇ ಅದೆ, ಸರ್ಯಾಗ್ ಬರ್ಕೊ' ಅಂದ್ರು. ಮೇಲೆ ತಿದ್ದಿದೀನಿ.